ಹತ್ತೊಂಬತ್ತು ಮಂದಿಗೆ ಒಂದೇ ಎದೆಬಡಿತ

ಮಳವಳ್ಳಿ
೧೨ ಫೆಬ್ರವರಿ ೨೦೨೫

ಚಿ. ಜಾಕಿಯಾಗೆ ಆಶೀರ್ವಾದಗಳು.

ನಿಮ್ಮ ವಿಶ್ವವಿದ್ಯಾಲಯದ ಜನವರಿ ತಿಂಗಳ ವಾರ್ತಾಪತ್ರ ತಲುಪಿತು. ಅದರ ಮೂರನೆಯ ಪುಟದಲ್ಲಿ ಒಂದು ತಪ್ಪು ಅಚ್ಚಾಗಿದೆ. ‘ಶರೀರದ ವಿದ್ಯುತ್ತು’ ಎಂಬ ನಿನ್ನ ಆನ್‌ಲೈನ್ ತರಗತಿಯ ಮದ್ದೂರು ಗುಂಪಿಗೆ “ನಿವೃತ್ತ ಮುಖ್ಯೋಪಾಧ್ಯಾಯ ಲಿಂಗಯ್ಯನವರು ಪಾಠ ಹೇಳುತ್ತಾರೆ” ಎಂದು ಬರೆದಿದ್ದಾರೆ. ನಾನು ಪಾಠ ಹೇಳುವುದಿಲ್ಲ. ಪಾಠ ಹೇಳುವವಳು ನೀನು, ಮಂಡ್ಯದಲ್ಲಿ ಕುಳಿತು, ಪರದೆಯ ಮೂಲಕ. ನಾನು ನಿನ್ನ ಪಾಠಗಳ ಕನ್ನಡವನ್ನು ತಿದ್ದುತ್ತೇನೆ. ಭಾನುವಾರಗಳಂದು ಬಸ್ಸಿನಲ್ಲಿ ಮದ್ದೂರಿಗೆ ಹೋಗಿ, ಆ ಹತ್ತೊಂಬತ್ತು ಮಂದಿ ಗದ್ದಲವಿಲ್ಲದೆ ಕುಳಿತು ಕೇಳುವಂತೆ ನೋಡಿಕೊಳ್ಳುತ್ತೇನೆ. ಮಾಡದ ಕೆಲಸಕ್ಕೆ ಹೆಸರು ಪಡೆಯುವುದು ನನಗೆ ಒಗ್ಗದು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟವಾಗಲಿ.

ಗುಂಪು ಸೇರುವುದು ಜಲಾಲ್ ಎಂಬುವರ ಅಂಗಡಿಯಲ್ಲಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವುದು ಅವರ ವೃತ್ತಿ. ನಿನ್ನ ಮೊದಲ ಪಾಠ ಮುಗಿದೊಡನೆ ಅವರು ನನ್ನನ್ನು ಕೇಳಿದರು: “ಮೇಷ್ಟ್ರೇ, ಮೋಟ್ರು ಕೆಟ್ರೆ ನಾನು ಬಿಚ್ಚಿ ನೋಡ್ತೀನಿ. ಈ ಎದೆ ಅನ್ನೋದ್ನ ಬಿಚ್ಚದಂಗೇ ನೋಡ್ಬೋದು ಅಂತಾರಲ್ಲ ಮೇಡಮ್ಮು, ದಿಟವಾ?” ಪ್ರಶ್ನೆ ಚೆನ್ನಾಗಿತ್ತು. ಉತ್ತರ ನಿನ್ನ ಪಾಲಿನದೆಂದು ತಿಳಿಸಿದೆ.

ನೀನು ಕಳುಹಿಸಿದ ಪುಟ್ಟ ಯಂತ್ರವೂ ಬಂದಿದೆ. ಎರಡು ಮಣಿಕಟ್ಟಿಗೆ ಅಂಟುಬಿಲ್ಲೆ ಹಚ್ಚಿದರೆ ಎದೆಬಡಿತದ ಗೆರೆ ಫೋನಿನ ಮೇಲೆ ಮೂಡುತ್ತದೆ ಎಂದು ಕಾಗದದಲ್ಲಿದೆ. ಪ್ರಯೋಗದ ವಿಷಯದಲ್ಲಿ ನಾನು ಕೈಹಾಕುವುದಿಲ್ಲ. ಗುಂಪಿನವರು ಮಾಡಿಕೊಳ್ಳಲಿ.

ನಲವತ್ತು ಮಂದಿ ತೇರ್ಗಡೆಯಾಗದಿದ್ದರೆ ಕನ್ನಡದ ತರಗತಿಯನ್ನು ಮುಂದಿನ ವರ್ಷದಿಂದ ನಿಲ್ಲಿಸಿ ಇಂಗ್ಲಿಷಿನದನ್ನು ಮಾತ್ರ ನಡೆಸುತ್ತಾರೆಂದು ಬರೆದಿದ್ದೀ. ಮೂರು ವರ್ಷ ಓಡಾಡಿ ನೀನು ಆರಂಭಿಸಿದ್ದು ಅದು. ಉಳಿದ ಊರುಗಳಲ್ಲಿ ಇಪ್ಪತ್ತೊಂದು, ಮದ್ದೂರಿನಲ್ಲಿ ಹತ್ತೊಂಬತ್ತು. ಲೆಕ್ಕ ಸರಿಯಾಗಿ ನಲವತ್ತು. ಒಬ್ಬರೂ ಜಾರದಂತೆ ನೋಡಿಕೊಳ್ಳುವ ಹೊಣೆ ನನ್ನದು.

ಬಿ. ಲಿಂಗಯ್ಯ


ಮಂಡ್ಯ
೨೦ ಮಾರ್ಚ್ ೨೦೨೫

ಪೂಜ್ಯ ಮೇಷ್ಟ್ರಿಗೆ ಜಾಕಿಯಾಳ ನಮಸ್ಕಾರಗಳು.

ತಿದ್ದುಪಡಿ ಪ್ರಕಟವಾಗಿದೆ, ಪ್ರತಿ ಇಟ್ಟಿದ್ದೇನೆ. ಅದರಲ್ಲಿ ನಿಮ್ಮ ಹೆಸರಿನ ಮುಂದೆ ‘ಶ್ರೀ’ ಎರಡು ಸಲ ಬಿದ್ದಿದೆ. ದಯಮಾಡಿ ಅದಕ್ಕೆ ಇನ್ನೊಂದು ತಿದ್ದುಪಡಿ ಕೇಳಬೇಡಿ.

ಬರೆಯಲು ಮನಸ್ಸಿಲ್ಲದ ಸಂಗತಿಯೊಂದಿದೆ. ಮದ್ದೂರಿನ ಹತ್ತೊಂಬತ್ತು ಮಂದಿಯೂ ವಾರದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದಾರೆ. ಆದರೆ ಪ್ರಯೋಗದ ಭಾಗವಾಗಿ ಅವರು ಕಳುಹಿಸಿದ ಎದೆಬಡಿತದ ಗೆರೆಗಳು ಹತ್ತೊಂಬತ್ತೂ ಒಂದೇ. ‘ಒಂದೇ ತರಹ’ ಎಂದಲ್ಲ ಮೇಷ್ಟ್ರೇ, ಒಂದೇ. ಒಬ್ಬರ ಬಡಿತವನ್ನು ಹತ್ತೊಂಬತ್ತು ಹೆಸರಿನಲ್ಲಿ ಕಳುಹಿಸಿದ್ದಾರೆ. ನಮ್ಮ ಕಂಪ್ಯೂಟರು ಅದನ್ನು ಕ್ಷಣದಲ್ಲಿ ಹಿಡಿಯಿತು. ತರಗತಿಗಳ ನಿರ್ದೇಶಕರು ನನ್ನನ್ನು ಕರೆದು, “ಇದು ನಕಲು, ಹತ್ತೊಂಬತ್ತನ್ನೂ ತಿರಸ್ಕರಿಸಬೇಕಾಗುತ್ತದೆ” ಎಂದರು. ಹಾಗಾದರೆ ಉಳಿಯುವುದು ಇಪ್ಪತ್ತೊಂದು. ತರಗತಿ ಮುಚ್ಚಿದಂತೆಯೇ.

ಏಪ್ರಿಲ್ ಹತ್ತರೊಳಗೆ ಲಿಖಿತ ವಿವರಣೆ ಕೊಡಲು ಅವಕಾಶ ಕೇಳಿಕೊಂಡಿದ್ದೇನೆ. ಆ ಗೆರೆಯ ಪ್ರತಿಯನ್ನು ಲಗತ್ತಿಸಿದ್ದೇನೆ. ಯಾರದೆಂದು ವಿಚಾರಿಸಿ ತಿಳಿಸುತ್ತೀರಾ? ಅಬ್ಬರಿಸಬೇಡಿ, ದಯವಿಟ್ಟು. ಅವರು ಕೆಟ್ಟವರಲ್ಲ.

ನಿಮ್ಮ ವಿದ್ಯಾರ್ಥಿನಿ,
ಜಾಕಿಯಾ


ಮಳವಳ್ಳಿ
೨೪ ಮಾರ್ಚ್ ೨೦೨೫

ಚಿ. ಜಾಕಿಯಾಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಮೂವತ್ತನಾಲ್ಕು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನಿಂತವನು ನಾನು. ತೊಡೆಯ ಮೇಲೆ ಬರೆದುಕೊಂಡವರನ್ನು ಹಿಡಿದಿದ್ದೇನೆ, ಅಂಗಿಯ ಮಡಿಕೆಯಲ್ಲಿ ಮಗ್ಗಿ ಬಚ್ಚಿಟ್ಟವರನ್ನು ಹಿಡಿದಿದ್ದೇನೆ. ಎದೆಬಡಿತವನ್ನೇ ನಕಲು ಮಾಡಿದವರನ್ನು ಈವರೆಗೆ ಕಂಡಿರಲಿಲ್ಲ.

ನೀನು ಕಳುಹಿಸಿದ ಗೆರೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ನಿಮಿಷಕ್ಕೆ ಐವತ್ತೆಂಟು ಬಡಿತ. ನಡುವೆ ಎರಡು ಕಡೆ ಒಂದು ಬಡಿತ ಅವಸರದಿಂದ ಮುಂಚೆಯೇ ಬಂದು, ಅನಂತರ ಸ್ವಲ್ಪ ತಡೆದು ನಿಂತಿದೆ. ಸುಳ್ಳು ಹೇಳುವವನು ತೊದಲುವ ರೀತಿ ಇದೇ. ಇದರ ಒಡೆಯ ತನ್ನ ಗೆರೆಯನ್ನು ಹಂಚಲು ಕೊಟ್ಟ ಹೊತ್ತಿನಲ್ಲೇ ಅಳುಕಿದ್ದಾನೆ ಎಂಬುದು ನನ್ನ ಅನುಮಾನ. ಮೊದಲು ಅವನನ್ನು ಪತ್ತೆ ಹಚ್ಚಿ, ಹೆಸರನ್ನು ನಿಮ್ಮ ನಿರ್ದೇಶಕರಿಗೆ ಬರೆದು ಕೊಡುತ್ತೇನೆ. ಪರರ ಹೆಸರಿನಲ್ಲಿ ಹತ್ತೊಂಬತ್ತು ಸಲ ಬಡಿದ ಹೃದಯಕ್ಕೆ ದಯೆ ತೋರಿಸುವುದು ಸಲ್ಲದು. ಉಳಿದವರನ್ನು ಕ್ಷಮಿಸುವ ವಿಷಯ ಅನಂತರದ್ದು.

ತರಗತಿ ಉಳಿಯಬೇಕೆಂಬ ಆಸೆ ನನಗೂ ಇದೆ. ನಕಲಿನ ಮೇಲೆ ನಿಂತು ಉಳಿಯಬೇಕಾದರೆ ಬೇಡ.

ಬಿ. ಲಿಂಗಯ್ಯ


ಮಂಡ್ಯ
೨೭ ಮಾರ್ಚ್ ೨೦೨೫

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿರ್ದೇಶಕರಿಗೆ ತೋರಿಸಿಲ್ಲ.

ಆ ಅವಸರದ ಬಡಿತಕ್ಕೂ ಸುಳ್ಳಿಗೂ ಸಂಬಂಧವಿಲ್ಲ. ಹೃದಯದಲ್ಲಿ ಬಡಿತವನ್ನು ಹುಟ್ಟಿಸುವ ಪುಟ್ಟ ಗಂಟೊಂದಿದೆ, ಆರನೆಯ ಪಾಠದಲ್ಲಿ ಹೇಳಿದ್ದೆನಲ್ಲ. ಅದು ಸರದಿ ಕೂಗುವ ಮೊದಲೇ ಬೇರೊಂದು ಮೂಲೆಯಿಂದ ಒಮ್ಮೊಮ್ಮೆ ಕರೆ ಏಳುತ್ತದೆ. ವಯಸ್ಸಾದವರಲ್ಲಿ ಇದು ಸಾಮಾನ್ಯ. ಹೆಚ್ಚಿನ ಸಲ ಅದರಿಂದ ಏನೂ ಆಗುವುದಿಲ್ಲ, ಆದರೆ ವೈದ್ಯರಿಗೆ ಒಮ್ಮೆ ತೋರಿಸಬೇಕು.

ಈ ಗೆರೆ ತೆಗೆದದ್ದು ಮಾರ್ಚ್ ಎರಡು, ಭಾನುವಾರ, ಬೆಳಗ್ಗೆ ಹನ್ನೊಂದೂಮುಕ್ಕಾಲಿಗೆ ಎಂದು ಯಂತ್ರದಲ್ಲಿ ದಾಖಲಾಗಿದೆ. ಮೇಷ್ಟ್ರೇ, ಹೀಗೇ ಕೇಳುತ್ತಿದ್ದೇನೆ: ನೀವು ಈಚೆಗೆ ಇ.ಸಿ.ಜಿ. ಮಾಡಿಸಿದ್ದೀರಾ? ಆರೋಗ್ಯ ಹೇಗಿದೆ?

ಉಪವಾಸ ಇನ್ನು ಮೂರೋ ನಾಲ್ಕೋ ದಿನ. ಹಬ್ಬ ಮುಗಿದ ಮೇಲೆ ನಾನೇ ಮದ್ದೂರಿಗೆ ಬರಲೇ?

ಜಾಕಿಯಾ


ಮಳವಳ್ಳಿ
೨೯ ಮಾರ್ಚ್ ೨೦೨೫

ಚಿ. ಜಾಕಿಯಾಗೆ,

ನನ್ನ ಆರೋಗ್ಯ ಇಲ್ಲಿ ಅಪ್ರಸ್ತುತ. ಅದು ಚೆನ್ನಾಗಿದೆ. ಬುಧವಾರ ನಾನೇ ಮದ್ದೂರಿಗೆ ಹೋಗುತ್ತಿದ್ದೇನೆ. ನೀನು ಬರುವ ಅಗತ್ಯವಿಲ್ಲ. ಯುಗಾದಿಯ ಮರುದಿನದ ಹೊಸತೊಡಕೂ ನಿಮ್ಮ ರಂಜಾನ್ ಹಬ್ಬವೂ ಸೋಮವಾರ ಒಟ್ಟಿಗೆ ಬರುವಂತಿದೆ; ಅದಕ್ಕೆ ಮೊದಲು ಹೋದರೆ ಆ ಊರಿನಲ್ಲಿ ಮಾಂಸದ ಮಾತನ್ನು ಬಿಟ್ಟು ಬೇರೆ ಮಾತಿಗೆ ಯಾರೂ ಸಿಗರು.

ಬಿ. ಲಿಂಗಯ್ಯ


ಮಳವಳ್ಳಿ
೩ ಏಪ್ರಿಲ್ ೨೦೨೫

ಚಿ. ಜಾಕಿಯಾಗೆ ಆಶೀರ್ವಾದಗಳು.

ನಿನ್ನೆ ಮದ್ದೂರಿಗೆ ಹೋಗಿ ವಿಚಾರಣೆ ನಡೆಸಿದೆ. ನಡೆದದ್ದನ್ನು ಕೂಡಿಸದೆ ಕಳೆಯದೆ ಬರೆಯುತ್ತೇನೆ.

ಅಂಗಡಿಯಲ್ಲಿ ಏಳೆಂಟು ಮಂದಿ ಇದ್ದರು. ನಾನು ನಿಂತುಕೊಂಡೇ ಗೆರೆಯ ಪ್ರತಿಯನ್ನು ಮೇಲೆತ್ತಿ ಹಿಡಿದು, “ಇದರ ಒಡೆಯ ಯಾರು? ಎದ್ದು ನಿಲ್ಲಲಿ” ಎಂದೆ. ಯಾರೂ ಏಳಲಿಲ್ಲ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದ ಪುಟ್ಟರಾಜು ತಲೆ ಎತ್ತಿ ಫ್ಯಾನನ್ನು ನೋಡತೊಡಗಿದರು. ಜಲಾಲ್ ಕೈಯಲ್ಲಿದ್ದ ತಂತಿಯನ್ನು ಸುಮ್ಮನೆ ಸುತ್ತುತ್ತಿದ್ದರು. ಕೊನೆಗೆ ನಿಡಘಟ್ಟದ ಆಶಾ ಕಾರ್ಯಕರ್ತೆ ಮಾಯಮ್ಮ ಬಾಯಿಬಿಟ್ಟರು.

“ಅದ್ಯಾಕ್ ಸಾ ನಿಂತ್ಕಂಡ್ ಕೇಳ್ತೀರಿ? ಕುಂತ್ಕಳಿ. ಅದು ನಿಮ್ದೇ.”

“ನನ್ನದು ಎಂದರೆ?”

“ನಿಮ್ದೇ ಗುಂಡ್ಗೆ ಕಣ್ ಸಾ. ಅವತ್ತು ಕರೆಂಟ್ ಓಗಿತ್ತಲ್ಲ, ಸೆಕೆ ಅಂತ ಬೆಂಚ್ ಮ್ಯಾಲೆ ಮನೀಕಂಡಿದ್ರಲ್ಲ.”

ನಾನು ಕುಳಿತೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಪ್ರಯೋಗದಲ್ಲಿ ಕೈಹಾಕುವುದಿಲ್ಲ ಎಂದು ನಿನಗೆ ಬರೆದಿದ್ದೆ. ಆ ಭಾನುವಾರ ಅವರೆಲ್ಲ ಯಂತ್ರದೊಡನೆ ಪರದಾಡುತ್ತಿದ್ದುದನ್ನು ನೋಡಲಾರದೆ, “ಅಲುಗಾಡದೆ ಮಲಗುವುದು ಹೇಗೆಂದು ತೋರಿಸುತ್ತೇನೆ” ಎಂದು ನಾನೇ ಕೈನೀಡಿ ಬಿಲ್ಲೆ ಅಂಟಿಸಿಕೊಂಡಿದ್ದೆ. ಮಾತು ತಪ್ಪಿದ್ದನ್ನು ನಿನಗೆ ತಿಳಿಸಲು ನಾಚಿಕೆಯಾಗಿ ಬಿಟ್ಟುಬಿಟ್ಟೆ. ಮಾದರಿಗೆಂದು ಮಲಗಿದವನು ನಾನು. ಅದನ್ನೇ ಅವರು ಕಳುಹಿಸುವರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಇದನ್ನೇಕೆ ಎಲ್ಲರ ಹೆಸರಿನಲ್ಲಿ ಕಳುಹಿಸಿದಿರಿ?” ಎಂದು ಕೇಳಿದೆ.

“ನಮ್ದೆಲ್ಲ ಗರಗ್ಸದ ಅಲ್ಲಿನಂಗೆ ಬಂತು ಸಾ. ನಿಮ್ದೊಂದೇ ಚೆಂದಾಗಿ ಬಂದದ್ದು. ಒಳ್ಳೆ ತೆನೆ ನೋಡಿ ತಾನೆ ಬಿತ್ನೆಗೆ ಮಡಗೋದು?”

“ಮಾಯಮ್ಮ, ಇದನ್ನು ನಕಲು ಎನ್ನುತ್ತಾರೆ.”

“ನಕ್ಲು ಯಾಕಾದದು? ಮುಯ್ಯಿ ಕಣ್ ಸಾ. ನಾಟಿ ಟೇಮ್ನಾಗೆ ನಾನು ಅವ್ರ ಗದ್ದೆಗೆ ಓಯ್ತೀನಿ, ಅವ್ರು ನಮ್ ಗದ್ದೆಗೆ ಬತ್ತಾರೆ. ಅಂಗೇ ಇದು. ಜಲಾಲಣ್ಣ ಎಲ್ರಿಗೂವೆ ಗೆರೆ ತೆಗ್ದ. ಪುಟ್ಟರಾಜಣ್ಣ ಎಲ್ರಿಗೂವೆ ಬಡ್ತ ಲೆಕ್ಕ ಆಕಕ್ಕೆ ಗೆರೆ ಕೆಳ್ಗಿನ ಚೌಕ ಎಣಿಸ್ದ. ನಾನು ಎಲ್ರಿಗೂವೆ ಬರ್ದೆ, ಬೆಳ್ಳೆಲ್ಲ ಬೊಬ್ಬೆ ಬಂದವೆ ನೋಡಿ. ಸುಮ್ಕೆ ಯಾರೂ ಕುಂತಿಲ್ಲ.”

ಪುಟ್ಟರಾಜು ನಡುವೆ ಬಂದು, “ಏ ಸುಮ್ಕಿರಮ್ಮಿ, ಮೇಷ್ಟ್ರು ಮೊದ್ಲೇ ಕ್ವಾಪ್ದಲ್ಲವ್ರೆ” ಎಂದರು.

“ಕ್ವಾಪ ಮಾಡ್ಕಂಡ್ರೆ ಗೆರೆ ಕೆಡ್ತದೆ. ಮೇಡಮ್ಮೇ ಏಳವ್ರೆ” ಎಂದರು ಮಾಯಮ್ಮ.

ಜಾಕಿಯಾ, ಇವರ ಮುಖಗಳನ್ನು ನಾನು ಪರೀಕ್ಷಕನ ಕಣ್ಣಿನಿಂದಲೇ ನೋಡಿದೆ. ನಕಲು ಮಾಡಿದವನ ಕಣ್ಣು ಎಲ್ಲಿ ಓಡುತ್ತದೆಂದು ನನಗೆ ಗೊತ್ತು. ಇವರಲ್ಲಿ ಅದು ಇರಲಿಲ್ಲ. ಕೆಲಸ ಕದ್ದವರ ಮುಖವಲ್ಲ, ಮಾಡಿದ ಕೆಲಸಕ್ಕೆ ಬೈಸಿಕೊಂಡವರ ಮುಖ. ಒಬ್ಬರ ಹೊಲದ ಕೆಲಸವನ್ನು ಹತ್ತು ಮಂದಿ ಮಾಡಿ, ಆ ಹತ್ತು ಮಂದಿಯ ಹೊಲಕ್ಕೂ ಸರದಿಯಂತೆ ಹೋಗುವುದು ಇವರಿಗೆ ಬದುಕಿನ ಕ್ರಮ. ಪೈರು ಮಾತ್ರ ಅವರವರ ಹೊಲದಲ್ಲೇ ಬೆಳೆಯಬೇಕು, ಎದೆಬಡಿತ ಅವರವರದೇ ಆಗಿರಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳಬೇಕಿತ್ತು. ಅಲ್ಲಿ ಇದ್ದದ್ದು ನಾನೊಬ್ಬನೇ.

ಮಾರ್ಚ್ ೨೪ರ ಪತ್ರದಲ್ಲಿ ಆ ಗೆರೆಯ ಒಡೆಯನ ನಡತೆಯ ಬಗ್ಗೆ ನಾನು ಬರೆದ ಮಾತುಗಳನ್ನೆಲ್ಲ ಹಿಂತೆಗೆದುಕೊಳ್ಳುತ್ತೇನೆ. ಅವನ ಹೆಸರನ್ನು ಬರೆದು ಕೊಡುತ್ತೇನೆ ಎಂದ ಮಾತು ಮಾತ್ರ ನಿಂತಿದೆ. ನಿರ್ದೇಶಕರಿಗೆ ಮೂರು ಪುಟದ ವಿವರಣೆಯನ್ನು ನನ್ನ ಸಹಿಯೊಡನೆ ಇದರ ಜೊತೆ ಕಳುಹಿಸಿದ್ದೇನೆ. ಮಾದರಿಯ ಎದೆ ನನ್ನದೆಂದೂ, ಎಚ್ಚರಿಕೆ ನೀಡದ ತಪ್ಪು ನನ್ನದೆಂದೂ, ಪ್ರಯೋಗವನ್ನು ಇನ್ನೊಮ್ಮೆ ಮಾಡಲು ಇವರಿಗೆ ಅವಕಾಶ ಕೊಡಬೇಕೆಂದೂ ಅದರಲ್ಲಿದೆ.

ಬಿ. ಲಿಂಗಯ್ಯ


ಮಂಡ್ಯ
೧೧ ಏಪ್ರಿಲ್ ೨೦೨೫

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನನಗೆ ಮೊದಲೇ ಅನುಮಾನವಿತ್ತು. ಭಾನುವಾರ ಬೆಳಗ್ಗೆ, ಆ ಅಂಗಡಿಯಲ್ಲಿ, ಐವತ್ತೆಂಟರ ನಿಧಾನದಲ್ಲಿ, ಕೂದಲೆಳೆಯಷ್ಟೂ ಅಲುಗದೆ ಮಲಗಬಲ್ಲವರು ಇನ್ನಾರು? ನೇರವಾಗಿ ಕೇಳುವ ಧೈರ್ಯ ಬರಲಿಲ್ಲ. ನೀವು ಗೆರೆಯ ಒಡೆಯನನ್ನು ಅಷ್ಟು ಬೈದ ಮೇಲೆ ಇನ್ನೂ ಕಷ್ಟವಾಯಿತು.

ನಿರ್ದೇಶಕರು ನಿಮ್ಮ ಮೂರು ಪುಟವನ್ನು ನನ್ನೆದುರಿನಲ್ಲೇ ಓದಿದರು. ಎರಡನೆಯ ಪುಟದಲ್ಲಿ ನಕ್ಕರು, ಮೂರನೆಯದರಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. “ಈ ಮುಯ್ಯಿ ಅನ್ನೋದು ನಮ್ಮ ತಾಯಿ ಊರಲ್ಲೂ ಇತ್ತು” ಎಂದರು. ಇನ್ನೊಂದು ಅವಕಾಶ ಸಿಕ್ಕಿದೆ: ಏಪ್ರಿಲ್ ೨೭ರ ಭಾನುವಾರ, ಒಂದೇ ದಿನ. ಪ್ರತಿಯೊಬ್ಬರದೂ ಅವರದೇ ಗೆರೆಯಾಗಿರಬೇಕು. ನಲವತ್ತರ ಷರತ್ತು ಮಾತ್ರ ಸಡಿಲವಾಗಲಿಲ್ಲ.

ಗೆರೆ ಗರಗಸದ ಹಲ್ಲಿನಂತೆ ಬರುವುದು ಅವರ ತಪ್ಪಲ್ಲ. ಗೋಡೆಯೊಳಗಿನ ತಂತಿಗಳು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತವೆ, ಆ ಮಿಡಿತ ಮೈಗೂ ಹತ್ತಿ ಯಂತ್ರದಲ್ಲಿ ಮೂಡುತ್ತದೆ. ನಿಮ್ಮ ಸರದಿಯಲ್ಲಿ ಕರೆಂಟು ಹೋಗಿತ್ತಲ್ಲ, ಅದಕ್ಕೇ ಅಷ್ಟು ಸ್ವಚ್ಛವಾಗಿ ಬಂತು. ಇದನ್ನು ಪುಟ್ಟರಾಜು ಅವರಿಗೆ ಹೇಳಿ, ಸಾಕು.

ವೈದ್ಯರಲ್ಲಿಗೆ ಹೋಗಿ ಬಂದಿರೋ ಇಲ್ಲವೋ ಎಂಬ ಒಂದು ಸಾಲಿಲ್ಲದೆ ಮುಂದಿನ ಪತ್ರ ಬಂದರೆ ಬಿಡಿಸುವುದಿಲ್ಲ.

ಜಾಕಿಯಾ


ಮಳವಳ್ಳಿ
೨೮ ಏಪ್ರಿಲ್ ೨೦೨೫

ಚಿ. ಜಾಕಿಯಾಗೆ ಆಶೀರ್ವಾದಗಳು.

ವೈದ್ಯರಲ್ಲಿಗೆ ಹೋಗಿ ಬಂದೆ. ಆ ಅವಸರದ ಬಡಿತದಿಂದ ಅಪಾಯವಿಲ್ಲವಂತೆ. ಕಾಫಿ ಕಡಿಮೆ ಮಾಡಬೇಕಂತೆ. ಇದಿಷ್ಟೂ ಆ ಒಂದು ಸಾಲು.

ನಿನ್ನೆಯ ಪ್ರಯೋಗ ನಡೆಯಿತು. ನಿನ್ನ ಮಾತು ಕಿವಿಗೆ ಬಿದ್ದೊಡನೆ ಪುಟ್ಟರಾಜು, “ಇಷ್ಟೇನಾ? ಮೊದ್ಲೇ ಏಳಕ್ಕಿಲ್ವಾ” ಎಂದು ಮೀಟರಿನ ಪೆಟ್ಟಿಗೆಯಿಂದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಫ್ಯಾನಿಲ್ಲದ ಕೋಣೆಯನ್ನು ನೀನು ಊಹಿಸಿಕೋ. ಬೆವರಿಗೆ ಬಿಲ್ಲೆಗಳು ಜಾರುತ್ತಿದ್ದವು. ಜಲಾಲ್ ಅವರ ಪತ್ನಿ ಶಮೀಮ್ ಬಾನು ಒದ್ದೆ ಬಟ್ಟೆ ಹಿಡಿದು ಒಬ್ಬೊಬ್ಬರ ಮಣಿಕಟ್ಟನ್ನೂ ಒರೆಸಿ, “ಅಲ್ಲಾಡ್ಬೇಡಿ, ಮಕ್ಕಳಿಗಿಂತ ಕಡೆ ಆದ್ರಿ” ಎಂದು ಗದರುತ್ತಿದ್ದರು.

ಮುಯ್ಯಿಯನ್ನು ನಾನು ನಿಲ್ಲಿಸಲಿಲ್ಲ, ಸರಿಪಡಿಸಿದೆ. ಪ್ರತಿಯೊಬ್ಬರೂ ಪಕ್ಕದವರಿಗೆ ಬಿಲ್ಲೆ ಹಚ್ಚಬೇಕು, ಗೆರೆ ತೆಗೆಯಬೇಕು. ಮಲಗಿದವರು ತಮ್ಮ ಗೆರೆಯ ಚೌಕಗಳನ್ನು ತಾವೇ ಎಣಿಸಿ ತಾವೇ ಬರೆಯಬೇಕು. ಕೆಲಸ ಪರರಿಗೆ, ಪೈರು ತಮಗೆ. ಇದು ಅವರಿಗೆ ತಕ್ಷಣ ಅರ್ಥವಾಯಿತು. ಮಾಯಮ್ಮ ತಮ್ಮ ಗೆರೆಯನ್ನು ಬಹಳ ಹೊತ್ತು ನೋಡಿ, “ಐದ್ ಮಕ್ಳ ಎತ್ತವ್ಳ ಗುಂಡ್ಗೆ ನೋಡ್ಲಾ ಜಲಾಲಣ್ಣ, ಒಳ್ಳೆ ಬಟ್ಟೆ ಒಲ್ದಂಗೆ ಓಯ್ತಾ ಅದೆ” ಎಂದರು. ಜಲಾಲ್, “ನಿಂದು ಇಸ್ಟಾರ್ಟ್ರು ಗಟ್ಟಿ ಕಣಕ್ಕ” ಎಂದರು.

ಈಗ ಕಹಿ ಸುದ್ದಿ. ಗೆರೆ ಕೊಟ್ಟವರು ಹದಿನೆಂಟು. ಹತ್ತೊಂಬತ್ತನೆಯವಳು ಚಂದನ, ನರ್ಸಿಂಗ್ ಓದುವ ಹುಡುಗಿ. ಅವಳ ಕಾಲೇಜು ತರಬೇತಿಗೆಂದು ಬೇರೆ ಊರಿಗೆ ಕಳುಹಿಸಿದೆ, ರಜೆ ಸಿಗಲಿಲ್ಲ. ಫೋನಿನಲ್ಲಿ ಅತ್ತಳು. ಅಳಬೇಡವೆಂದೆ. ಆಮೇಲೆ ಬಸ್ಸಿನಲ್ಲಿ ಕುಳಿತು ಕೂಡಿಸಿದೆ: ಇಪ್ಪತ್ತೊಂದು, ಹದಿನೆಂಟು. ಮಳವಳ್ಳಿ ಬರುವವರೆಗೂ ಬೇರೆ ಉತ್ತರ ಬರಲಿಲ್ಲ.

ಕ್ಷಮಿಸು, ಜಾಕಿಯಾ. ಒಬ್ಬರೂ ಜಾರದಂತೆ ನೋಡಿಕೊಳ್ಳುತ್ತೇನೆಂದಿದ್ದೆ.

ಬಿ. ಲಿಂಗಯ್ಯ


ಮಂಡ್ಯ
೩೦ ಏಪ್ರಿಲ್ ೨೦೨೫

ಪೂಜ್ಯ ಮೇಷ್ಟ್ರಿಗೆ,

ಹದಿನೆಂಟು ಗೆರೆಗಳೂ ಚೆನ್ನಾಗಿವೆ, ಅಂಗೀಕಾರವಾಗಿವೆ. ಆದರೆ ಅವುಗಳ ಜೊತೆ ಇನ್ನೊಂದು ಗೆರೆಯೂ ಬಂದಿದೆ. ಕಳುಹಿಸಿದವರು ಮಾಯಮ್ಮ. ಅಡಿಯಲ್ಲಿ ‘ಮೇಷ್ಟ್ರುದ್ದು, ಕಾಪಿ ಅಲ್ಲ, ಒಸದು’ ಎಂದು ಬರೆದಿದ್ದಾರೆ. ಅದನ್ನು ತೆಗೆಸಿಕೊಂಡದ್ದನ್ನು ಈ ಸಲವೂ ನೀವು ನನಗೆ ತಿಳಿಸಲಿಲ್ಲ.

ಒಂದು ಸಂಗತಿಯನ್ನು ನಾನೂ ನಿಮಗೆ ತಿಳಿಸಿರಲಿಲ್ಲ. ಪಾಠದ ಪ್ರತಿಗಳು ನಿಮಗೆ ಅಂಚೆಯಲ್ಲಿ ಬರಬೇಕಾದರೆ ನಮ್ಮ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕಿತ್ತು. ಕನ್ನಡ ತಿದ್ದುವವರು ಎಂಬ ಕಾಲಂ ಕಂಪ್ಯೂಟರಿನಲ್ಲಿಲ್ಲ. ಜನವರಿಯಲ್ಲಿ ನಿಮ್ಮನ್ನು ವಿದ್ಯಾರ್ಥಿ ಎಂದೇ ಸೇರಿಸಿದ್ದೆ. ಶುಲ್ಕ ಕಟ್ಟಿದೆ, ದಾಖಲೆ ಸರಿಯಾಗಿದೆ. ಹನ್ನೆರಡು ಪಾಠಗಳನ್ನೂ ನನಗಿಂತ ಹೆಚ್ಚು ಸಲ ಓದಿದವರು ನೀವು. ವಾರದ ಪರೀಕ್ಷೆ ತಪ್ಪಿಸಿಕೊಂಡವರಿಗೆಂದು ಮೇ ೧೧ರಂದು ಒಂದು ದೊಡ್ಡ ಪರೀಕ್ಷೆ ಇದೆ: ಇಪ್ಪತ್ತು ಪ್ರಶ್ನೆ, ಎರಡು ಗಂಟೆ, ತೇರ್ಗಡೆಗೆ ನೂರಕ್ಕೆ ಐವತ್ತು. ನಿರ್ದೇಶಕರನ್ನು ಕೇಳಿದೆ. ನಿಯಮದಲ್ಲಿ ಅಡ್ಡಿಯಿಲ್ಲ ಎಂದರು.

ನಿಮ್ಮ ಗೆರೆ ಬಂದಾಯಿತು; ನೀವು ಕುಳಿತು ಐವತ್ತು ತೆಗೆದರೆ ತೇರ್ಗಡೆಯಾದವರು ನಲವತ್ತು. ಸಂಕೋಚವಾದರೆ ಬೇಡ. ನಾನು ಒತ್ತಾಯಿಸುವುದಿಲ್ಲ.

ಜಾಕಿಯಾ


ಮದ್ದೂರು

ಚಿ. ಜಾಕಿಯಾಗೆ ಆಶೀರ್ವಾದಗಳು.

ಈ ಪತ್ರವನ್ನು ಜಲಾಲರ ಅಂಗಡಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಏಪ್ರಿಲ್ ೩೦ರ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಹತ್ತು ದಿನ ಓದುತ್ತಿದ್ದೆ.

ಪರೀಕ್ಷೆಗೆ ಮಾಯಮ್ಮನೇ ಮೇಲ್ವಿಚಾರಕಿ. ನಾನು ಕಂಪ್ಯೂಟರಿನ ಮುಂದೆ ಕುಳಿತೊಡನೆ ಅವರು ಬಾಗಿಲಲ್ಲಿ ನಿಂತು, “ಯಾರೂ ಏಳ್ಕೊಡ್ಬೇಡ್ರಲಾ. ಪಾಸಾದ್ರೂ ಅವ್ರ್ದೇ, ಡುಮ್ಕಿ ಒಡುದ್ರೂ ಅವ್ರ್ದೇ” ಎಂದು ಸಾರಿದರು. ನನ್ನ ಜೇಬನ್ನೂ ನೋಡಿದರು. ನಾನು ಆಕ್ಷೇಪಿಸಲಿಲ್ಲ, ಕ್ರಮ ಅದೇ.

ಪ್ರಶ್ನೆಗಳು ಕಠಿಣವಾಗಿದ್ದವು. ಅವುಗಳಲ್ಲಿ ನಾಲ್ಕು ಭಾಷಾದೋಷಗಳೂ ಇದ್ದವು. ಅವನ್ನು ಉತ್ತರದ ಜಾಗದಲ್ಲೇ ಪಟ್ಟಿ ಮಾಡಲು ಹನ್ನೊಂದು ನಿಮಿಷ ಕಳೆದೆ. ಅದು ಅವಿವೇಕವೆಂದು ಹನ್ನೆರಡನೆಯ ನಿಮಿಷದಲ್ಲಿ ಹೊಳೆಯಿತು. ನರದಲ್ಲಿ ವಿದ್ಯುತ್ತು ತಂತಿಯಲ್ಲಿ ಹರಿದಂತೆ ಏಕೆ ಹರಿಯುವುದಿಲ್ಲ ಎಂಬ ಪ್ರಶ್ನೆಗೆ ತಲೆ ಬರಿದಾಯಿತು. ಹಿಂದೆ ಜಲಾಲ್ ಎರಡು ಸಲ ಕೆಮ್ಮಿದರು. ಅವರಿಗೆ ಉತ್ತರ ಗೊತ್ತೆಂದು ನನಗೂ ಗೊತ್ತಿತ್ತು. ನಾನು ತಿರುಗಿ ನೋಡದೆ ಆ ಪ್ರಶ್ನೆಯನ್ನು ಖಾಲಿ ಬಿಟ್ಟೆ. ಹದಿನೇಳನೆಯ ಪ್ರಶ್ನೆಗೆ ಸಮಯ ಮುಗಿದು ಪರದೆ ತಾನೇ ಮುಚ್ಚಿಕೊಂಡಿತು. ಎಪ್ಪತ್ತೆರಡು ವರ್ಷದ ನಾನು ಮುಚ್ಚಿದ ಪರದೆಯ ಮುಂದೆ ಇನ್ನೂ ಕೀಲಿಗಳನ್ನು ಒತ್ತುತ್ತಿದ್ದೆ. ಕಾಗದ ಕಿತ್ತುಕೊಂಡ ಮೇಲೂ ಹುಡುಗರು ಪೆನ್ನು ಹಿಡಿದೇ ಕುಳಿತಿರುವುದನ್ನು ಮೂವತ್ತನಾಲ್ಕು ವರ್ಷ ನೋಡಿದ್ದೆ. ನೋಡಿದ್ದೆ, ಅಷ್ಟೆ.

ಹೊರಗೆ ಬಂದಾಗ ಜಲಾಲ್ ಹೇಳಿದರು: “ತಂತೀಲಿ ಕರೆಂಟು ಓಡ್ತದೆ ಮೇಷ್ಟ್ರೇ. ನರ ಅಂಗಲ್ಲ. ನಾಟಿ ಆಕ್ದಂಗೆ ಒಂದೊಂದೇ ಎಜ್ಜೆ, ಊರ್ಕಂಡ್ ಊರ್ಕಂಡ್ ಮುಂದ್ಕೋಯ್ತದೆ.” ನಿನ್ನ ಪಾಠದಲ್ಲಿ ಇದಕ್ಕೆ ಒಂದೂವರೆ ಪುಟ ಇದೆ. ಮುಂದಿನ ವರ್ಷ ಆ ಒಂದೂವರೆ ಪುಟ ತೆಗೆದು ಇವರ ಮಾತನ್ನು ಹಾಕು.

ಮುಂದಿನ ವರ್ಷ ಎಂದೆ. ಹೌದು. ಮುಕ್ಕಾಲು ಗಂಟೆ ಕಾದ ಮೇಲೆ ಫಲಿತಾಂಶ ಮೂಡಿತು. ಪುಟ್ಟರಾಜು ಗಟ್ಟಿಯಾಗಿ ಓದಿದರು. ಐವತ್ತಮೂರು. ಮಾಯಮ್ಮ, “ಅಯ್ಯೋ, ಇಷ್ಟೇಯಾ ಸಾ?” ಎಂದರು. ಶಮೀಮ್ ಬಾನು ಎಲ್ಲರಿಗೂ ಪಾಯಸ, ಕಾಫಿ ಕೊಟ್ಟರು; ನನಗೆ ಮಾತ್ರ ಕಾಫಿ ಕೊಡಲಿಲ್ಲ, ನೀನು ಹೇಳಿದ್ದೀಯಂತೆ.

ಜಾಕಿಯಾ, ನೀನು ಹತ್ತನೆಯ ತರಗತಿಯಲ್ಲಿದ್ದಾಗ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಎಪ್ಪತ್ತೊಂದು ತೆಗೆದಿದ್ದೆ. ನಿನ್ನ ಉತ್ತರಪತ್ರಿಕೆಯ ಮೇಲೆ ನಾನು ಕೆಂಪು ಶಾಯಿಯಲ್ಲಿ ‘ಸಾಲದು’ ಎಂದು ಬರೆದಿದ್ದೆ. ನೀನು ಅದನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡು ಹೋದೆ. ಆ ಪತ್ರಿಕೆ ಈಗ ನಿನ್ನ ಬಳಿ ಇದ್ದರೆ ಆ ಪದವನ್ನು ಹೊಡೆದುಹಾಕು. ಇಲ್ಲದಿದ್ದರೆ ಈ ಪತ್ರವನ್ನೇ ತಿದ್ದುಪಡಿಯೆಂದು ಇಟ್ಟುಕೋ. ಎಪ್ಪತ್ತೊಂದು ಬಹಳ ಒಳ್ಳೆಯ ಅಂಕ.

ನಿನ್ನ ನಲವತ್ತನೆಯ ವಿದ್ಯಾರ್ಥಿ,
ಬಿ. ಲಿಂಗಯ್ಯ

ಭಾನುವಾರ, ೧೧ ಮೇ ೨೦೨೫
ಸಂಜೆ ೫ ಗಂಟೆ ೪೦ ನಿಮಿಷ